ಕೆಳಗಿನಾಕಿ

"ಒಂದಕ್ಷರ ಕಳಕೊಂಡಿಲ್ಲ ನೋಡ್ರಿ ಅಕ್ಕೋರೆ, ಒಂದಕ್ಷರ!" ಎಂದು ಹಣಮಂತ್ರಾಯರು ಎದುರು ಸಿಕ್ಕಾಗಲೆಲ್ಲ ಈಗಲೂ ಹೇಳುತ್ತಾರೆ. ಹೌದಪ್ಪಾ, ಅಕ್ಷರ ಎಲ್ಲ ಹಾಗೇ ಇವೆ, ಬರೆದವಳ ಹೆಸರಷ್ಟೇ ಹೋಗಿದೆ. ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲವಲ್ಲ ಎಂದೇ ನನಗೆ ಮೈ ಉರಿಯುತ್ತದೆ.

ನಾನು ಕುಬ್ರಾಬೇಗಂ. ಮನೆ ಶಹಾಪುರದಲ್ಲಿ, ಕೆಲಸ ದೋರನಹಳ್ಳಿಯಲ್ಲಿ. ಹುಡುಗಿಯರಿಗೆ ಕನ್ನಡ ಕಲಿಸುತ್ತ ಕೂದಲು ಬೆಳ್ಳಗಾಗಿವೆ, ಬಾಯಿ ಇನ್ನೂ ಖಾರವೇ. ಕಾಲುವೆ ಬಂದ ಮೇಲೆ ನಮ್ಮ ಕಡೆ ಜನರಲ್ಲಿ ಉಳಿದದ್ದು ಎರಡೇ ಜಾತಿ: ಮೇಲಿನವರು, ಕೆಳಗಿನವರು. ಮೇಲಿನವರು ಕತ್ತಲಾದ ಮೇಲೆ ಏರಿಯ ಮೇಲಿಂದ ಪೈಪು ಇಳಿಬಿಟ್ಟು ತಮ್ಮ ಭತ್ತಕ್ಕೆ ನೀರು ಎಳೆಯುತ್ತಾರೆ. ಕೆಳಗಿನವರು ಒಣ ಕಾಲುವೆಯಲ್ಲಿ ನಿಂತು ಬೈಯುತ್ತಾರೆ. ಆ ಬೈಗುಳಕ್ಕೂ ಒಂದು ಜಾಗ ಇರಲಿ ಎಂದು ಹಣಮಂತ್ರಾಯರು ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾವೇದಿಕೆ ಶುರು ಮಾಡಿದರು. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಸುಮ್ಮನೆ ಕೂರುವ ಜೀವವಲ್ಲ. ವೇದಿಕೆಗೆ 'ಕಾಲುವೆ ಕಟ್ಟೆ' ಎಂದು ಹೆಸರಿಟ್ಟರು. ಯಾರು ಬೇಕಾದರೂ ತಮಗೊಂದು ಹೆಸರಿಟ್ಟುಕೊಂಡು ಮೊಬೈಲಿನಿಂದ ಬರೆಯಬಹುದು, ಉಳಿದವರು ಅದರ ಕೆಳಗೆ ಉತ್ತರ ಕೊಡಬಹುದು. ಹೊಲಸು ಮಾತು ಅಳಿಸುವ ಕೆಲಸ ನನ್ನ ತಲೆಗೆ ಬಿತ್ತು.

ಆ ಕಟ್ಟೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಒಂದೇ ಹೆಸರನ್ನು: 'ಕೆಳಗಿನಾಕಿ'. ಅದು ನನ್ನ ಶಿಷ್ಯೆ ಅಯ್ಯಮ್ಮ ಎಂದು ನನ್ನೊಬ್ಬಳಿಗೇ ಗೊತ್ತಿತ್ತು. ಅವಳನ್ನು ಮೇಲೆ ಕಕ್ಕೇರಾ ಕಡೆಯ ಬಾಲಪ್ಪನಿಗೆ ಕೊಟ್ಟಿದ್ದರು. ತಾಯಿ ದೇವಕಮ್ಮನ ಹೊಲ ಇತ್ತ ದೋರನಹಳ್ಳಿಯಲ್ಲಿ, ಕಾಲುವೆಯ ಕಟ್ಟಕಡೆಗೆ. ಒಂದು ವರ್ಷ ಪಂಚಮಿಗೆ ತವರಿಗೆ ಬಂದವಳು ನೆಟ್ಟಗೆ ನನ್ನ ಹತ್ತಿರ ಬಂದು ಕುಳಿತಳು.

"ಅಕ್ಕೋರೆ, ನಮ್ಮ ಮನಿಯವ್ರೇ ಪೈಪ ಹಾಕ್ತಾರ್ರಿ. ನಮ್ಮವ್ವನ ಹತ್ತಿ ಒಣಗ್ಯಾವ. ನಾ ಅಲ್ಲಿ ಅದೇ ನೀರಿನ ಅನ್ನ ಉಣ್ಣಾಕತ್ತೀನಿ. ಗಂಟಲಾಗ ಇಳಿಯಂಗಿಲ್ರಿ."

ನಾನೇ ಅವಳಿಗೆ ಖಾತೆ ತೆರೆದುಕೊಟ್ಟೆ. ಅವರ ಮನೆಗೆ ಇದ್ದದ್ದು ಒಂದೇ ಫೋನು, ಖಾತೆಗೂ ಅದರ ನಂಬರೇ. ಬಾಲಪ್ಪ ಹೊಲಕ್ಕೆ ಹೋಗುವಾಗ ಅದನ್ನು ಚಾರ್ಜಿಗೆ ಹಾಕಿ ಹೋಗುತ್ತಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಇವಳು ಬರೆದು, ಖಾತೆಯಿಂದ ಹೊರಗೆ ಬಂದು, ಫೋನು ಇದ್ದಲ್ಲೇ ಇಡುತ್ತಿದ್ದಳು. 'ಹುಣಸೀ ಗಿಡದ ತಿರುವಿನಾಗ ಕಂಟಿ ಮುಚ್ಯಾರ, ಅದರ ಬುಡಕ ಪೈಪ ಅದಾವ.' ಇಷ್ಟೇ. ಅದನ್ನು ಓದಿದ ಕೆಳಗಿನವರು ಟೆಂಪೊ ಮಾಡಿಕೊಂಡು, ಕಾಲುವೆ ಕಾಯುವವರನ್ನು ಕೂಡಿಸಿಕೊಂಡು ಹೋಗಿ ಪೈಪು ಕಿತ್ತು ಬರುತ್ತಿದ್ದರು. ದೇವಕಮ್ಮನ ಹೊಲಕ್ಕೂ ನೀರು ಮುಟ್ಟಿತು. ಯಾರವ್ವಾ ಈಕಿ ಎಂದು ಊರೆಲ್ಲ ಕೇಳುತ್ತಿತ್ತು, ನಾನು ನನಗೇನು ಗೊತ್ತು ಎನ್ನುತ್ತಿದ್ದೆ.

ಕಟ್ಟೆ ಹಳೆಯದಾಯಿತು. ತೆರೆಯಲು ಯುಗ ಹಿಡಿಯುವುದು, ನಡುವೆ ಹಾಳುಮೂಳು ಜಾಹೀರಾತು. ಆ ಸಾಫ್ಟ್‌ವೇರನ್ನು ಮಾಡಿದವರೇ ಅದನ್ನು ಕೈಬಿಟ್ಟಿದ್ದರು. ಬೇರೆ ಸಾಫ್ಟ್‌ವೇರಿಗೆ ಎಲ್ಲವನ್ನೂ ಸಾಗಿಸಬೇಕೆಂದು ತೀರ್ಮಾನವಾಯಿತು. ಶಹಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ವಹಾಬ ಒಪ್ಪಿಕೊಂಡ. ಅವನ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಮೊದಲು ಎಲ್ಲದರ ನಕಲು ತೆಗೆದು ಬೇರೆ ಬೇರೆ ಕಡೆ ಇಟ್ಟ. ಆ ನಕಲಿನ ಮೇಲೆಯೇ ಸಾಗಿಸಿ ನೋಡಿದ. ಎಲ್ಲಿ ಒತ್ತಕ್ಷರ ಒಡೆಯುತ್ತದೆ, ಯಾವ ಫೋಟೊ ಬರುವುದಿಲ್ಲ ಎಂದು ಒಂದೊಂದೂ ಸರಿಮಾಡಿದ. ಆಮೇಲೆ ನಮ್ಮನ್ನೆಲ್ಲ ಅಂಗಡಿಗೆ ಕರೆದು ಒಂದು ಮಾತು ಕೇಳಿದ.

"ಹೊಸಾದ್ರಾಗ ಒಂದ್ ಫೋನ್ ನಂಬರಿಗೆ ಒಬ್ಬರೇ ಮನಷ್ಯಾರು. ನಮ್ಮ ಮಂದಿ ನೋಡಿದ್ರ ಮನಿಮಂದೆಲ್ಲಾ ಒಂದೇ ನಂಬರ ಕೊಟ್ಟಾರ. ಏನ್ ಮಾಡೂಣ್ರಿ?"

"ಕೂಡಿಸಿಬಿಡು," ಎಂದರು ಹಣಮಂತ್ರಾಯರು, ಚಹಾದ ಕಪ್ಪು ಕೆಳಗಿಡದೆ. "ಒಂದ್ ಮನಿ, ಒಂದ್ ಹೆಸರು. ಯಜಮಾನಂದು ಹೆಸರಿದ್ರ ಅದನ್ನೇ ಇಡು."

ನನಗೆ ನೆತ್ತಿಗೇರಿತು. "ರೇಷನ್ ಕಾರ್ಡ್ ಮಾಡಾಕತ್ತೀರೇನ್ರಿ? ಫೋನ ಒಂದದ ಅಂತ ಬಾಯೀನೂ ಒಂದಾಗ್ತದೇನು?"

"ಅಕ್ಕೋರೆ, ಬಚ್ಚಿಟ್ಕೊಂಡು ಬರಿಯೋರಿಗೆಲ್ಲಾ ನಾವು ಮನಿ ಕಟ್ಟಿಸಿ ಕೊಡಾಕ ಆಗಂಗಿಲ್ಲ."

"ಬ್ಯಾರೆ ಬ್ಯಾರೆ ಇಡಾಕೂ ಬರ್ತದ್ರಿ," ಎಂದ ವಹಾಬ. "ಒಬ್ಬೊಬ್ಬರನ್ನೂ ಕೇಳಬೇಕು, ಟೈಮ್ ಹಿಡೀತದ."

"ನೀರು ಬಿಡೋದ್ರೊಳಗ ಆಗಬೇಕಪಾ. ಕೂಡಿಸು." ಸುತ್ತ ಕುಳಿತವರು ತಲೆಯಾಡಿಸಿದರು. ಅವರೆಲ್ಲರ ಕಿಸೆಯಲ್ಲೂ ಸ್ವಂತ ಫೋನಿತ್ತು. ನಾನು ಅಲ್ಲಿ ಅಯ್ಯಮ್ಮನ ಹೆಸರೆತ್ತಿದ್ದರೆ ಸಂಜೆಯೊಳಗೆ ಕಕ್ಕೇರಾಕ್ಕೆ ಸುದ್ದಿ ಮುಟ್ಟುತ್ತಿತ್ತು. ಬಾಲಪ್ಪ ಎಂದೋ ಭತ್ತದ ರೋಗ ಕೇಳಲು ಅದೇ ನಂಬರಿನಲ್ಲಿ ಖಾತೆ ತೆರೆದು ಮರೆತದ್ದು ನನಗಾಗಲಿ ಅವಳಿಗಾಗಲಿ ಗೊತ್ತಿರಲಿಲ್ಲ.

ಹೊಸ ಕಟ್ಟೆ ತೆರೆದ ದಿನ ನಾನು ಮೊದಲು ಹುಡುಕಿದ್ದು ಕೆಳಗಿನಾಕಿಯನ್ನು. ಇಲ್ಲ. ಅವಳ ಬರಹ ಇವೆ, ಹುಣಸೆ ಗಿಡ, ಕಂಟಿ, ಪೈಪು ಎಲ್ಲ ಇವೆ. ಪ್ರತಿಯೊಂದರ ತಲೆಯ ಮೇಲೂ 'ಬಾಲಪ್ಪ, ಕಕ್ಕೇರಾ' ಎಂದಿದೆ. ವಹಾಬನಿಗೆ ಫೋನು ಮಾಡಿದೆ. ಹಳೆಯದು ಭದ್ರ ಇದೆ, ಬೇರೆ ಮಾಡಬಹುದು, ಆದರೆ ಹಣಮಂತ್ರಾಯರು ಹೂಂ ಅನ್ನಬೇಕು ಎಂದ. ಹಣಮಂತ್ರಾಯರು ಆಗಲೇ ಊರಿಗೆಲ್ಲ ಫೋನು ಹಚ್ಚಿ ಕುಳಿತಿದ್ದರು.

"ನೋಡಿದ್ರಿಲ್ಲ ಅಕ್ಕೋರೆ! ಮೇಲಿನಾಂವ ಇದ್ಕೊಂಡು ಕೆಳಗಿನವ್ರ ಪರವಾಗಿ ಬರ್ದಾನ, ಅದೂ ಹೆಣ್ಮಗಳ ಹೆಸರಿಟ್ಕೊಂಡು! ಎಂಥಾ ಎದಿಗಾರ ಅದಾನ! ಶಹಾಪುರದಾಗ ಸನ್ಮಾನ ಮಾಡೂಣು."

ಬಾಲಪ್ಪ ಅಯ್ಯಮ್ಮನನ್ನು ಹೊಡೆದು ಹಾಕುತ್ತಾನೆ ಎಂದು ನಾನು ಹೆದರಿದ್ದೆ. ಅವನು ಅಷ್ಟು ದಡ್ಡನಲ್ಲ. ಮೊದಲನೆಯ ಸಾಲಿಗೇ ಬರೆದವಳು ಯಾರೆಂದು ಅವನಿಗೆ ತಿಳಿದಿತ್ತು. ಪೈಪು ತೋರಿಸಿಕೊಟ್ಟವನು ನೀನೇ ಏನು ಎಂದು ಅಣ್ಣತಮ್ಮಂದಿರು ಮೈಮೇಲೆ ಬಂದಾಗ ಅವರಿಗೆ ಏನೋ ಹೇಳಿ ಸುಮ್ಮನಾಗಿಸಿದನಂತೆ. ಏನು ಹೇಳಿದ ಎಂಬುದು ನನಗೆ ಮಳೆಗಾಲದಲ್ಲಿ ತಿಳಿಯಿತು.

ಸನ್ಮಾನಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಶಾಲು ಹೊದಿಸಿದರು, ಹಾರ ಹಾಕಿದರು. "ನೀರು ಎಲ್ಲಾರ್ದೂ ಅದರಿ, ನಂದೇನು ದೊಡ್ಡದಿಲ್ಲ," ಎಂದ, ಸಭೆ ಚಪ್ಪಾಳೆ ಹೊಡೆಯಿತು. ಅಯ್ಯಮ್ಮ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದಳು.

"ಈಗ ಫೋನ ಕಿಸೇದಾಗ ಇಟ್ಕೊಂಡೇ ಹೊಲಕ್ಕ ಹೋಗ್ತಾರ್ರಿ," ಎಂದಳು.

ನಾನು ಎದ್ದೆ. ಮೈಕಿನ ಮುಂದೆ ಹೋಗಿ ನಾಲ್ಕು ಮಾತು ಆಡಿಯೇ ಬಿಡುತ್ತೇನೆ ಎಂದು ಕಾಲು ಮುಂದಿಟ್ಟೆ. ಅವಳು ಕೈ ಗಟ್ಟಿಯಾಗಿ ಹಿಡಿದಳು.

"ಬ್ಯಾಡ್ರಿ ಅಕ್ಕೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ನಾ ಬರ್ದೀನಿ ಅಂದ್ರ ಆ ಮನ್ಯಾಗ ನನಗ ಜಾಗಿಲ್ಲ. ಸುಮ್ಮನಿದ್ರ ಅವ್ರೂ ಸುಮ್ಮನಿರ್ತಾರಂತ."

ಎದ್ದು ನಿಂತು ಮಾತಾಡ್ರೇ ಎಂದು ತರಗತಿಯಲ್ಲಿ ದಿನಾ ಗಂಟಲು ಹರಿದುಕೊಳ್ಳುವವಳು ನಾನು. ಅವಳ ಮುಖ ನೋಡಿ ಕುಳಿತುಬಿಟ್ಟೆ.

ಮುಂಗಾರಿಗೆ ನೀರು ಬಿಟ್ಟರು. ಕಟ್ಟೆಯಲ್ಲಿ ಬಾಲಪ್ಪನ ಬರಹ ಬಂತು: 'ಇವತ್ತು ಏರಿ ಮ್ಯಾಲೆ ಅಡ್ಡಾಡಿ ಬಂದೀನಿ. ಪೈಪ ಒಂದೂ ಇಲ್ಲ. ನೀರು ಡ್ಯಾಮಿನಿಂದಲೇ ಕಮ್ಮಿ ಬಿಟ್ಟಾರ, ಎರಡು ದಿನ ತಾಳ್ರಿ.' ಅಣ್ಣತಮ್ಮಂದಿರಿಗೆ ಅವನು ಮಾತು ಕೊಟ್ಟದ್ದು ಇದನ್ನೇ. ಮರುದಿನವೂ ಬರೆದ, ಅದರ ಮರುದಿನವೂ. ಕೆಳಗಿನವರು ಅದರಡಿ ಕೈಮುಗಿಯುವ ಚಿತ್ರ ಹಾಕಿದರು. ಟೆಂಪೊ ಹೊರಡಲೇ ಇಲ್ಲ.

ಇದು ಸುಳ್ಳು, ಹೋಗಿ ನೋಡಿರಿ ಎಂದು ನಾನು ಬರೆದೆ. ಬಾಯಿಗೆ ಬಂದಂತೆ ಅಂದರು ನನಗೆ. ಸಿಟ್ಟಿನಲ್ಲಿ ಅವನ ಬರಹ ಅಳಿಸಿಹಾಕಿದೆ. ಹಣಮಂತ್ರಾಯರು ಅದನ್ನು ತಿರುಗಿ ಹಾಕಿಸಿ, ಅಳಿಸುವ ಅಧಿಕಾರವನ್ನೇ ನನ್ನಿಂದ ತೆಗೆದರು.

"ಶಾಲು ಹೊದಿಸಿದ ಮನಷ್ಯಾನ್ನ ಸುಳ್ಳ ಅಂತೀರೇನ್ರಿ? ನಮ್ಮ ಮರ್ಯಾದಿ ಏನಾಗಬೇಕು?"

"ಹಳೇದು ತೆಗೆಸಿ ಒಮ್ಮೆ ನೋಡ್ರಿ, ಅದ್ರಾಗ ಹೆಸರು ಬ್ಯಾರೆ ಬ್ಯಾರೆ ಅದಾವ."

"ಆದದ್ದು ಆತು ಬಿಡ್ರಿ. ಒಂದಕ್ಷರನಾರ ಕಳದದೇನು?"

ಪಂಚಮಿ ಕಳೆದು ನಾನು ದೇವಕಮ್ಮನ ಹೊಲಕ್ಕೆ ಹೋದೆ. ಕಾಲುವೆಯ ತಳ ಬಿರುಕು ಬಿಟ್ಟಿತ್ತು, ಅದರೊಳಗೆ ಆಡು ಮಲಗಿದ್ದವು. ಹತ್ತಿಯ ಎಲೆ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ದೇವಕಮ್ಮ ಸೆರಗು ತಲೆಗೆ ಹಾಕಿಕೊಂಡು ಕಾಲುವೆಯ ಕಡೆ ಮುಖ ಮಾಡಿ ಕುಳಿತಿದ್ದಳು.

"ಬರ್ರಿ ಅಕ್ಕೋರೆ. ನಾಳಿಗೆ ನೀರು ಬರ್ತದಂತ, ಅಳಿಯ ಬರ್ದಾನ."

"ಯಾರು ಹೇಳಿದ್ರವ್ವಾ?"

"ಮಂದೆಲ್ಲಾ ಓದ್ತಾರಲ್ರಿ. ಹ್ವಾದ ಸಲ ನನ್ನ ಹೊಲಕ್ಕ ನೀರು ತಂದಾಂವ ಆಂವನೇ. ಹಂತಾ ಅಳಿಯ ಯಾರಿಗೆ ಸಿಗ್ತಾನ?"

ಇವಳಿಗೆ ನಿಜ ಹೇಳಿದರೆ ಇವಳು ಊರಿಗೆ ಹೇಳುತ್ತಾಳೆ. "ಅಯ್ಯಮ್ಮ ಬಂದಿದ್ದಳೇನು?" ಎಂದಷ್ಟೇ ಕೇಳಿದೆ.

"ಗಂಡನ ಕೂಡ ಬಂದು ಒಂದಿನ ಇದ್ದು ಹ್ವಾದ್ಲು. ಅಡಗಿ ಮನ್ಯಾಗ ನನ್ನ ಕಿವ್ಯಾಗ ಬಂದು, ನೀರು ಬರಂಗಿಲ್ಲವ್ವಾ, ಕಾಯಬ್ಯಾಡ, ಮಂದೀನ ಕರಕೊಂಡು ಮ್ಯಾಲೆ ಹೋಗು ಅಂದ್ಲು. ಬೈದು ಕಳಿಸೀನ್ರಿ. ಅವ್ವಗ ಅಂತ ತಾನು ಒಂದಕ್ಷರ ಬರ್ದಾಕಿ ಅಲ್ಲ, ಬರಿಯೋ ಗಂಡನ್ನ ಕಂಡ್ರ ಹೊಟ್ಟಿಕಿಚ್ಚು ಆಕಿಗೆ."