ಐದರಿಂದ ಹತ್ತರವರೆಗೆ

ರಾತ್ರಿ ಹತ್ತಾಗುತ್ತಲೇ ಗೋಡೆಯಾಚೆ ಟಕ್ ಎಂದು ಗುಂಡಿ ಒತ್ತಿದ ಸದ್ದು. ಅದರ ಬೆನ್ನಿಗೇ ಸಣ್ಣಗೆ ಗುಂಯ್‌ಗುಡುವ ದನಿ. ಪಕ್ಕದ ಮನೆಯ ವೀಬ್ರೆನ್ ಬಟ್ಟೆ ಒಗೆಯಲು ಹಾಕಿದರು ಎಂದುಕೊಂಡು ಹಿಲ್ಕೆ ಮಗ್ಗುಲು ಬದಲಿಸಿದಳು. ಅಂತೂ ತಾನು ಕೊಟ್ಟ ಕೆಂಪು ಚೀಟಿಗೆ ಬೆಲೆ ಬಂತು.

ಫ್ರೀಸ್‌ಲ್ಯಾಂಡಿನ ಆ ಹಳ್ಳಿಯ ನಲವತ್ತು ಮನೆಗಳಿಗೆ ಇದ್ದದ್ದು ಒಂದೇ ಟ್ರಾನ್ಸ್‌ಫಾರ್ಮರ್. ಗ್ಯಾಸ್ ಬಿಟ್ಟು, ಮನೆ ಬೆಚ್ಚಗಿಡುವುದಕ್ಕೂ ಕಾರು ಓಡಿಸುವುದಕ್ಕೂ ಕರೆಂಟನ್ನೇ ನೆಚ್ಚಿಕೊಂಡ ಮೇಲೆ ಅದು ಎರಡು ಸಲ ಕೈಕೊಟ್ಟಿತ್ತು. ಸಂಜೆ ಐದರಿಂದ ಹತ್ತರವರೆಗೆ ಎಲ್ಲರಿಗೂ ಸಮಪಾಲು ಎಂದು ಊರವರೇ ಕೂತು ಗೊತ್ತುಮಾಡಿ, ನೋಡಿಕೊಳ್ಳಲು ಒಂದು ಸಮಿತಿ ಕಟ್ಟಿದರು. ಮೀರಿದವರ ಮನೆಗೆ ಕೆಂಪು ಚೀಟಿ. ಕಾಯಿಲೆಯವರ ಯಂತ್ರಗಳಿಗೆ ಈ ಕಟ್ಟು ಇರಲಿಲ್ಲ. ಆದರೆ ಯಾರ ಕಾಯಿಲೆಯೂ ಬೀದಿಗೆ ಬರಬಾರದೆಂದು ಅದನ್ನು ಕಾಗದದಲ್ಲಿ ಹಾಕಿರಲಿಲ್ಲ. ಸಮಿತಿಯವರು ಅಂಥ ಮನೆಗೆ ಹೋಗಿ ಬಾಯಲ್ಲೇ ಹೇಳಬೇಕಿತ್ತು.

ವೀಬ್ರೆನ್ ಮನೆ ಸಮಿತಿಯಲ್ಲಿದ್ದ ಹಿಲ್ಕೆಯ ಪಾಲಿಗೆ ಬಂದಿತ್ತು. ಅವರ ಹೆಂಡತಿ ಫ್ರೌಕೆಗೆ ಎದೆಯ ಕಾಯಿಲೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಮನೆಯವರು ಬಾಯಿಬಿಡುವ ಮೊದಲು ನೆರೆಯವರು ಕಾಯಿಲೆಯ ಮಾತೆತ್ತುವುದು ಆ ಊರಲ್ಲಿ ಸಲ್ಲದು. ಅವರೇ ಹೇಳಲಿ ಎಂದು ಕಾದಳು. ಕಾಯುತ್ತಲೇ ಎರಡು ಕೆಂಪು ಚೀಟಿಗಳನ್ನು ಅವರ ಬಾಗಿಲಲ್ಲಿ ತೂರಿಸಿದಳು.

ಮಾರ್ಚಿ ಮೊದಲ ವಾರ ಫ್ರೌಕೆ ತೀರಿಕೊಂಡರು.

ಮಣ್ಣು ಮಾಡಿ ಬಂದವರಿಗೆ ನೆರೆಮನೆಯವರೇ ಕಾಫಿ ಕೊಡಬೇಕು. ಸಕ್ಕರೆ ಬ್ರೆಡ್ಡಿನ ತಟ್ಟೆಗಳ ನಡುವೆ ಓಡಾಡುತ್ತಿದ್ದ ಹಿಲ್ಕೆಯನ್ನು ವೀಬ್ರೆನ್ ಕರೆದರು.

"ಕೂರಮ್ಮ, ಸಾಕು ಓಡಾಡಿದ್ದು. ಆ ಎರಡಾದ್ಮೇಲೆ ನಮ್ಮನೆಗೆ ಚೀಟಿ ಬರ್ಲೇ ಇಲ್ಲ, ನೋಡಿದ್ಯಾ?"

"ಹೌದು, ಬರ್ಲಿಲ್ಲ."

"ಎಲ್ಲಾ ಅವಳದೇ ಹಟ. ಆಕ್ಸಿಜನ್ ಮಷೀನು ಐದಕ್ಕೆ ಆರಿಸೋದು, ಹತ್ತಕ್ಕೆ ಹಾಕೋದು. ಉಸಿರಿಗೆ ಒದ್ದಾಡೋಳು, ನೋಡಕ್ಕಾಗ್ತಿರ್ಲಿಲ್ಲ ಕಣಮ್ಮ. ಹಾಕ್ತೀನಿ ಕಣೇ ಅಂದ್ರೆ, 'ಕೈ ತೆಗಿ ಮುದುಕ! ನಮ್ಮಿಂದ ಊರು ಕತ್ತಲಾಗ್ಬೇಕಾ?' ಅಂತ ಬೈಯೋಳು." ನಗಲು ಹೋದರು, ಆಗಲಿಲ್ಲ. "ಡಾಕ್ಟರಿಗೂ ಹೇಳ್ಬೇಡ ಅಂದ್ಲು. ಬೇರೆ ದಾರಿ ಇರ್ಲಿಲ್ಲ, ಅಲ್ವೇನಮ್ಮ?"

ಯಂತ್ರಕ್ಕೆ ಕಟ್ಟಿಲ್ಲವೆಂದು ಹಿಲ್ಕೆ ಅವರಿಗೆ ಹೇಳಿಯೇ ಇರಲಿಲ್ಲ. ದಾರಿ ಇತ್ತು ಎಂದರೆ, ಈ ಮುದುಕ ಉಳಿದ ದಿನಗಳನ್ನೆಲ್ಲ ಆ ಐದು ಗಂಟೆಗಳಲ್ಲೇ ಕಳೆಯುತ್ತಾರೆ. ಅವರಿಗಾಗಿ ಮುಚ್ಚಿಡುತ್ತಿರುವೆನೋ, ನನಗಾಗಿಯೋ? ಅವಳಿಗೇ ತಿಳಿಯಲಿಲ್ಲ.

"ಇರ್ಲಿಲ್ಲ," ಎಂದಳು.

ವೀಬ್ರೆನ್ ಅವಳ ಕೈಯನ್ನು ಎರಡು ಸಲ ತಟ್ಟಿದರು. ಸಮಿತಿಗೂ, ಗಂಡನಿಗೂ, ಪಾದ್ರಿಗೂ, ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ಗಟ್ಟಿಮಾಡಿಕೊಂಡು ಹಿಲ್ಕೆ ಎದ್ದು, ಮುಂದಿನ ಮೇಜಿನವರಿಗೆ ಕಾಫಿ ಬಗ್ಗಿಸಿದಳು.