ಬಣವೆಯ ಮೇಲೆ ಬಂದವರು

ಕಾದ ಕಬ್ಬಿಣದ ವಾಸನೆ — ರೊಟ್ಟಿ ಹಂಚಿನದಲ್ಲ, ಕುಲುಮೆಯಿಂದ ಈಗಷ್ಟೇ ಎಳೆದದ್ದರದು, ಬೆಳಗಿನ ಹತ್ತು ಗಂಟೆಗೆ ಚೌಳಹಿರಿಯೂರಿನ ಈ ಹಿತ್ತಿಲಲ್ಲಿ ಯಾವ ಕುಲುಮೆ, ಎಂದು ಮಲ್ಲಿಕಾಂಬ ಸಗಣಿ ಬುಟ್ಟಿ ಇಳಿಸುತ್ತ ಅಂದುಕೊಂಡಳು, ಅಂದುಕೊಳ್ಳುವಷ್ಟರಲ್ಲೇ ಗೊತ್ತಾಗಿಹೋಗಿತ್ತು, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಈ ವಾಸನೆ ನಾಲ್ಕು ಸಲ ಬಂದಿದೆ, ನಾಲ್ಕು ಸಲವೂ ಶಿವರಾತ್ರಿ ಕಳೆದ ಮೇಲೆ, ಗಾಳಿ ಕೆಮ್ಮಣ್ಣುಗುಂಡಿ ಕಡೆಯಿಂದ ತಿರುಗಿದ ಮೇಲೆ, ಆ ಬೆಟ್ಟದ ಕೆಂಪು ಅದಿರು ತಿಂದು ಬದುಕುವ ಕೆಂಡಹಕ್ಕಿಗಳಲ್ಲಿ ಒಂದೋ ಎರಡೋ, ಗುಂಪು ತಪ್ಪಿ, ಬಯಲಿಗೆ ಬರುತ್ತವೆ, ಬಂದರೆ ಹುಲ್ಲಿನ ಮೇಲೇ ಕೂರುತ್ತವೆ — ತಲೆ ಎತ್ತಿದಳು. ಬಣವೆಯ ನೆತ್ತಿಯಲ್ಲಿ ಕೂತಿತ್ತು. ಕೋಳಿಯಷ್ಟು ಗಾತ್ರ, ಬೂದಿ ಮುಚ್ಚಿದ ಕೆಂಡದ ಬಣ್ಣ, ಸುತ್ತಲ ಗಾಳಿ ನೀರಿನಂತೆ ಅಲುಗುತ್ತಿದೆ. ಅದರಿಂದ ಒಂದು ಮೊಳ ಈಚೆ, ಹಸುವಿಗೆ ಹುಲ್ಲು ಹಿರಿಯಲು ಹತ್ತಿದ್ದ ಸೊಸೆ ಅಶ್ವಿನಿ, ತರೀಕೆರೆ ಪೇಟೆಯಲ್ಲಿ ಬೆಳೆದವಳು, ಮದುವೆಯಾಗಿ ನಾಲ್ಕು ತಿಂಗಳು, ಮೊಣಕಾಲೂರಿ ಕೂತವಳು ಕೂತಂತೆಯೇ ಇದ್ದಾಳೆ, ಅತ್ತೆ, ಅತ್ತೆ ಇದೇನು, ಮಾತಾಡ್ಬೇಡ ಕಣವ್ವ, ಮೂಗಲ್ಲೇ ಉಸ್ರಾಡು, ನಿಧಾನಕ್ಕೆ. ಬಾಯಿಂದ ಬಿಟ್ಟ ಉಸಿರು ಊದುಗೊಳವೆಯಿದ್ದ ಹಾಗೆ, ಬೂದಿ ಹಾರುತ್ತದೆ, ಬೂದಿ ಮೈಮೇಲಿರುವ ತನಕ ಹುಲ್ಲಿಗೆ ಬೆಂಕಿ ಹತ್ತದು, ಹೆದರಿ ರೆಕ್ಕೆ ಬಿಚ್ಚಿತೋ ಮುಗಿಯಿತು. ಇದನ್ನು ಹೇಳಿಕೊಟ್ಟಿರಲಿಲ್ಲವಲ್ಲ ಈ ಮಗುವಿಗೆ. ಮಜ್ಜಿಗೆ ಕಡೆಯುವುದನ್ನು ಹೇಳಿಕೊಟ್ಟೆ, ಹಸು ಒದೆಯುವ ಕಾಲು ಯಾವುದೆಂದು ಹೇಳಿಕೊಟ್ಟೆ, ಇದನ್ನು ಬಿಟ್ಟೆ — ಇರಲಿ, ಈಗ ಹೇಳಿದರಾಯಿತು, ನನ್ನ ಅತ್ತೆ ತೀರ್ಥಮ್ಮ ನನಗೂ ಹೀಗೇ ನಡುವಿನಲ್ಲೇ ಹೇಳಿಕೊಟ್ಟಿದ್ದು, ಕೂಗ್ಬೇಡ, ಓಡ್ಬೇಡ, ನೀರು ಹಾಕ್ಬೇಡ, ಮನೆಗೆ ಬಂದೋರು ಅನ್ಕೊ, ಬಂದೋರಿಗೆ ಮಣೆ ಹಾಕಲ್ವಾ, ಹಾಗೆ.

ಪಕ್ಕದ ಕಣದಿಂದ ಮೈದುನನ ಮಗ ಸಿದ್ದಲಿಂಗೇಶ ಪಂಪಿನ ಪೈಪ್ ಎಳೆದುಕೊಂಡು ಓಡಿ ಬರುತ್ತಿದ್ದಾನೆ, ದೊಡ್ಡಮ್ಮ ಸರೀರಿ ಆಕಡೆ, ಫೋರ್ಸಾಗಿ ನೀರು ಬಿಟ್ರೆ ಹಾರೋಗುತ್ತಂತೆ, ವಿಡಿಯೋದಲ್ಲಿ ತೋರ್ಸವ್ರೆ, ಲೇ ನಿಂತ್ಕೊಳೋ ಅಲ್ಲೇ, ಎಂದಳು, ಕೂಗದೆ ಎಂದಳು, ಆದರೂ ಅವನು ಗಕ್ಕನೆ ನಿಂತ, ನಮ್ಮೂರ ಬೆನಕಪ್ಪಣ್ಣನ ಕೈ ನೋಡಿದೀಯೇನೋ, ಆ ಕೈ ಇವತ್ತಿಗೂ ಯಾಕೆ ನೆಟ್ಟಗಾಗಲ್ಲ ಕೇಳಿದೀಯಾ, ಬೆನಕಪ್ಪ ಒಂದೇ ಒಂದು ಕೊಡ ನೀರು ಎರಚಿದ್ದು, ಹಕ್ಕಿ ಸಿಡಿದು ನೂರು ಕಿಡಿಯಾಯಿತು, ಮೂರು ಬಣವೆ, ಎರಡು ಎತ್ತು, ಹಗ್ಗ ಬಿಚ್ಚಲು ಹೋದವನ ಕೈ, ಆ ಎತ್ತುಗಳ ಕೂಗು ಈಗಲೂ ಕಿವಿಯಲ್ಲಿದೆ, ಹುಡುಗ ಪೈಪ್ ಕೆಳಗಿಟ್ಟ, ಮುಖ ಇಳಿದಿತ್ತು, ಮತ್ತೇನ್ಮಾಡಣ ದೊಡ್ಡಮ್ಮ, ಏಣಿ ಹಿಡ್ಕೊ, ಅಷ್ಟೆ.

ಕೊಟ್ಟಿಗೆಯ ಮೂಲೆ, ಗೋಡೆಯ ಬುಡದ ತೇವದ ಮಣ್ಣು, ಅದರಲ್ಲಿ ಹೂತಿಟ್ಟ ಹಳೇ ನೇಗಿಲ ಗುಳ, ಕೈಯಿಟ್ಟ ಕಡೆ ಸಿಕ್ಕಿತು, ತುಕ್ಕು ಹಿಡಿದು ಬೆಲ್ಲದಂತೆ ಉದುರುತ್ತಿದೆ, ತಣ್ಣಗಿದೆ. ಟ್ರಾಕ್ಟರ್ ಬಂದ ಮೇಲೆ ನೇಗಿಲು ಒಲೆಗೆ ಹೋಯಿತು, ಗುಳ ಹೋಗಲಿಲ್ಲ, ಗುಜರಿ ಮಹಬೂಬ್ ಸಾಬ್ ಮನೆಮನೆಯ ಕಬ್ಬಿಣ ಒಯ್ದರೂ ಇದನ್ನು ಮುಟ್ಟಲೊಲ್ಲ, ಮನೆಗೊಂದು ಗುಳ ಇರ್ಲಿ ಅಮ್ಮ, ಕೊಡ್ತೀನಂದ್ರೂ ನಾನು ತಗಳಲ್ಲ. ಬಿದಿರು ಗಳದ ತುದಿಗೆ ಗುಳವನ್ನು ತಂತಿಯಲ್ಲಿ ಬಿಗಿದಳು, ಬೆರಳು ನಡುಗಲಿಲ್ಲ, ಯಾಕೆ ನಡುಗಬೇಕು, ರಾಗಿ ಬಿತ್ತುವಾಗ ನಡುಗುತ್ತದೆಯೇ, ಇದೂ ಒಂದು ಕೆಲಸ, ಏಣಿಯ ಒಂದಾದ ಮೇಲೊಂದು ಮೆಟ್ಟಿಲು, ಕಾವು ಮುಖಕ್ಕೆ ಬಡಿಯುತ್ತಿದೆ, ಅಶ್ವಿನಿಯ ಸೆರಗಿನ ಅಂಚು ಕಂದು ತಿರುಗಿ ಮುದುರುತ್ತಿದೆ, ಅವಳ ಗಲ್ಲದ ಮೇಲೆ ಇಳಿದ ಕಣ್ಣೀರು ಅಲ್ಲೇ ಒಣಗುತ್ತಿದೆ, ಅತ್ತೆ ನಂಗೆ ಆಗ್ತಿಲ್ಲ, ಆಗುತ್ತೆ ಕಣವ್ವ, ಆಗ್ತಾನೇ ಐತೆ, ನನ್ನೇ ನೋಡ್ತಿರು. ಗಳವನ್ನು ಹುಲ್ಲಿನ ಮೇಲೆ ಜಾರಿಸಿದಳು, ಗುಳ ಹಕ್ಕಿಯ ಕಾಲ ಬಳಿ ನಿಂತಿತು. ಬಂದ್ರಾ, ಎಂದಳು, ಎಲ್ಲರೂ ಹೇಳುವ ಮಾತನ್ನೇ, ದೂರದಿಂದ ಬಂದ್ರಿ, ಕುಂತ್ಕಳಿ, ಮಣೆ ಹಾಕೀನಿ. ಹಕ್ಕಿ ಕತ್ತು ಓರೆ ಮಾಡಿತು. ತುಕ್ಕನ್ನು ಒಮ್ಮೆ ಕುಕ್ಕಿತು, ಇನ್ನೊಮ್ಮೆ. ಒಂದು ಕಾಲು ಇಟ್ಟಿತು, ಅದಿದ್ದ ಕಡೆ ಹುಲ್ಲೆಲ್ಲ ಕಪ್ಪಾಗಿದೆ, ಎರಡನೇ ಕಾಲು ಇಟ್ಟಿತು, ಈಗ ಜಾರು ಅಶ್ವಿನಿ, ಹಿಂಭಾಗಕ್ಕೆ, ಮೆತ್ತಗೆ, ಎನ್ನುತ್ತಿದ್ದಂತೆ ಸರಕ್ಕೆಂದು ಹುಲ್ಲು ಜಾರಿದ ಸದ್ದು, ಸಿದ್ದಲಿಂಗೇಶ ಹಿಡಿದುಕೊಂಡ ಸದ್ದು, ಆಮೇಲೆ ನೆಲದ ಮೇಲೆ ಅವಳು ಬಿಕ್ಕಿ ಬಿಕ್ಕಿ ಅಳುವ ಸದ್ದು, ಅಳಲಿ, ಈಗ ಅಳಬಹುದು.

ಏಣಿ ಇಳಿದು, ಹಕ್ಕಿ ಗುಳದ ಮೇಲೆ ಕೂತಿದ್ದಂತೆಯೇ ಗಳ ಮುಂದಕ್ಕೆ ಚಾಚಿಕೊಂಡು ಊರಾಚೆಯ ಬಂಡೆಯ ತನಕ ನಡೆದಳು, ದಾರಿಯವರು ಚಪ್ಪಲಿ ಬಿಟ್ಟು ಬದಿಗೆ ಸರಿದರು, ಗುಳವನ್ನು ಬರಿ ಕಲ್ಲಿನ ಮೇಲೆ ಇಳಿಸಬೇಕು, ತಂತಿ ಬಿಚ್ಚಬೇಕು, ತಿರುಗಿ ನೋಡದೆ ಬರಬೇಕು, ಎಲ್ಲವನ್ನೂ ಮಾಡಿದಳು, ಬಣವೆ ಉಳಿಯಿತು, ಸೊಸೆ ಉಳಿದಳು, ಅಂಗೈಯಲ್ಲಿ ಎರಡು ಬೊಬ್ಬೆ ಅಷ್ಟೆ. ಮಧ್ಯಾಹ್ನ ಅಶ್ವಿನಿ ಬೊಬ್ಬೆಗೆ ಬೆಣ್ಣೆ ಸವರುತ್ತ ಕೇಳಿದಳು, ಅತ್ತೆ, ಅದು ಹುಲ್ಲಿಗೇ ಯಾಕೆ ಬಂದು ಕೂರುತ್ತೆ. ಮುಂದಿನ ಸಲ ನೀನೇ ಇಳಿಸು, ಹೇಳಿಕೊಡ್ತೀನಿ, ಎಂದಳು ಮಲ್ಲಿಕಾಂಬ, ಕೇಳಿದ್ದಕ್ಕೆ ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತು, ಯಾರೂ ಹೇಳಿಕೊಟ್ಟಿರಲಿಲ್ಲ, ತೀರ್ಥಮ್ಮನಿಗೂ ಯಾರೂ ಹೇಳಿರಲಿಕ್ಕಿಲ್ಲ, ಬೆಳಿಗ್ಗೆ ಬಂಡೆಯ ದಾರಿಯಲ್ಲಿ ಗಳ ಸಣ್ಣಗೆ ನಡುಗುತ್ತಿತ್ತು, ತನ್ನ ಕೈಯೇನೋ ಎಂದು ನೋಡಿಕೊಂಡಿದ್ದಳು, ಕೈಯಲ್ಲ, ಹಕ್ಕಿ, ಅಷ್ಟು ಕಾವಿನ ಜೀವ ಮೈ ಉಬ್ಬಿಸಿಕೊಂಡು ನಡುಗುತ್ತಿತ್ತು, ಎಳೆ ಕರು ಮೊದಲ ದಿನ ನಡುಗುವ ಹಾಗೆ, ಚಳಿಗೆ, ಅದಕ್ಕೆ ಚಳಿ, ಬೆಚ್ಚಗಿರಲೆಂದೇ ಹುಲ್ಲಿಗೆ ಬಂದದ್ದು, ಅಂಥದ್ದಕ್ಕೆ ತಾನು ತಣ್ಣನೆಯ ಕಬ್ಬಿಣ ಕೊಟ್ಟಳು, ಕೊಡಲೇಬೇಕಿತ್ತು, ನಾಳೆ ಬಂದರೂ ಕೊಡುತ್ತಾಳೆ, ಆದರೆ ಬಂಡೆಯ ಮೇಲೆ ಇಳಿಸುವಾಗ ಅದು ಕಣ್ಣು ಮುಚ್ಚಿತು, ಬೂದಿಬಣ್ಣದ ರೆಪ್ಪೆ, ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ — ಅಶ್ವಿನಿ ಬೆಣ್ಣೆ ಸವರುತ್ತಿದ್ದಾಳೆ — ಬೂದಿಬಣ್ಣದ ರೆಪ್ಪೆ, ಕೆಳಗಿನಿಂದ ಮೇಲಕ್ಕೆ —