ಷಡಕ್ಷರಿಯವರ ಬ್ರೇಕೆಣ್ಣೆ

ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ಸಾಮಾನಿನಲ್ಲಿ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಷಡಕ್ಷರಿಯವರು ಒಂದು ಟ್ರೈಲರ್ ಕೊಂಡರು. ಲಾರಿಯ ಹಿಂದೆ ಕಟ್ಟಿ ಎಳೆಯುವ ಗಾಡಿ. ಲಾರಿ ನಿಧಾನವಾದರೆ ಗಾಡಿ ಮುಂದಕ್ಕೆ ನೂಕುತ್ತದೆ; ಆ ನೂಕಿಗೆ, ಲಾರಿಗೆ ಕೊಂಡಿ ಹಾಕುವ ಮೂಕಿಯ ಬಳಿಯ ಡಬ್ಬಿಯಿಂದ ಎಣ್ಣೆ ಕೊಳವೆಗೆ ನುಗ್ಗಿ ಚಕ್ರಗಳನ್ನು ಹಿಡಿಯುತ್ತದೆ. ಲಾರಿ ಓಡಿಸುವ ಪಾಲಾಕ್ಷ ಇದನ್ನೆಲ್ಲ ವಿವರಿಸಿದಾಗ ಅವನ ಅಕ್ಕ, ಷಡಕ್ಷರಿಯವರ ಹೆಂಡತಿ ದಾಕ್ಷಾಯಣಮ್ಮನಿಗೆ ಅರ್ಥವಾದದ್ದು ಇಷ್ಟೇ: ಎಣ್ಣೆ ಕೈಕೊಟ್ಟರೆ ಕೊಬ್ಬರಿ ಮೂಟೆಗಳೆಲ್ಲ ತಾನು ಎತ್ತಿ ಆಡಿಸಿದ ತಮ್ಮನ ಬೆನ್ನ ಮೇಲೆ.

ಡಬ್ಬಿಯಲ್ಲಿ ಎಣ್ಣೆ ಇಳಿದಿತ್ತು. ಪಾಲಾಕ್ಷ ಹಾಸನದಿಂದ ಬ್ರೇಕೆಣ್ಣೆಯ ಟಿನ್ನು ತಂದ. ಷಡಕ್ಷರಿಯವರು ಮೂಸಿ ನೋಡಿದರು.

"ಸಾರಾಯಿ ವಾಸ್ನೆ ಐತಲ್ಲೋ."

"ಸ್ಪಿರಿಟ್ ಸೇರ್ಸಿರ್ತಾರೆ ಬಾವ. ಕುಡಿಯಾಕಲ್ಲ."

"ಗಾಡಿ ಕುಡುದ್ರೇನು, ಗಾಡಿ ಯಜಮಾನ ಕುಡುದ್ರೇನು. ಲಿಂಗ ಕಟ್ಟಿದ ಮನೆ ಇದು."

ತಾವೇ ನಿಂತು ಹಳೆಯದನ್ನು ಸುರಿಸಿ, ತಮ್ಮದೇ ಗಾಣದ ಕೊಬ್ಬರಿ ಎಣ್ಣೆ ತುಂಬಿಸಿದರು. ಮುಚ್ಚಳಕ್ಕೆ ವಿಭೂತಿಯನ್ನೂ ಹಚ್ಚಿದರು. ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ನೋಡಿದರೆ ಗಾಡಿ ಹೇಳಿದ ಕಡೆ ನಿಂತಿತು. "ಸಾರಾಯಿ ಇಲ್ದೇನೇ ನಿಂತ್ಕಣ್ತು ನೋಡಿ," ಎಂದು ಅವರು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.

ಮರುದಿನ ಬೆಳಿಗ್ಗೆ ಮೈ ಕೊರೆಯುವ ಚಳಿ. ಮಗಳಿಗೆ ತಲೆ ಬಾಚಲು ಕೂತ ದಾಕ್ಷಾಯಣಮ್ಮ ಎಣ್ಣೆಯ ಸೀಸೆ ಬಗ್ಗಿಸಿದರು. ಒಂದು ಹನಿಯೂ ಬೀಳಲಿಲ್ಲ. ಚಳಿಗಾಲದ ದಿನನಿತ್ಯದ ಪಾಡು. ಒಲೆಯ ಪಕ್ಕ ಇಡಲೆಂದು ಎದ್ದರು. ಹೊರಗೆ ಹಾಸನಕ್ಕೆ ಹೊರಟ ಲಾರಿ ಗುರುಗುಟ್ಟುತ್ತಿತ್ತು. ಸೀಸೆ ಹಿಡಿದೇ ಬೀದಿಗೆ ಓಡಿದರು.

"ಪಾಲಾಕ್ಷ, ಇಳಿ ಕೆಳಕ್ಕೆ."

ನಾಲ್ಕು ಜನ ಸೇರಿದ್ದರು. ಷಡಕ್ಷರಿಯವರಿಗೆ ಮುಜುಗರವಾಯಿತು. ಮೂಕಿಯನ್ನು ಬಲವಾಗಿ ಒತ್ತಿ ತೋರಿಸಿದರು. "ನೋಡೇ, ಕಲ್ಲಿದ್ದಂಗೈತೆ. ಎಷ್ಟು ಗಟ್ಟಿಯಾಗಿ ಇಡ್ದೈತೆ."

ಪಾಲಾಕ್ಷ ಜಾಕ್ ಕೊಟ್ಟು ಒಂದು ಚಕ್ರ ಎತ್ತಿ ಕೈಯಿಂದ ತಳ್ಳಿದ. ಬಾವ ಮೂಕಿಯ ಮೇಲೆ ಮೈಭಾರವನ್ನೆಲ್ಲ ಬಿಟ್ಟಿದ್ದರೂ ಚಕ್ರ ರಾಟೆಯಂತೆ ತಿರುಗಿತು. ದಾಕ್ಷಾಯಣಮ್ಮ ಸೀಸೆಯನ್ನು ತಲೆಕೆಳಗು ಮಾಡಿ ಗಂಡನ ಮುಂದೆ ಹಿಡಿದರು.

"ಇದೂ ಗಟ್ಟಿಯಾಗೇ ಐತೆ."

"ಕೆಂಡ ತಂದು ಕೊಳವೆಗೆ ಕಾವು ಕೊಟ್ರಾಯ್ತು."

"ಕೆರೆ ಏರಿ ಇಳಿವಾಗ ಕೆಂಡ ಇಡ್ಕಂಡು ನೀವು ಓಡ್ಕಂಡ್ ಬತ್ತೀರಾ ಬಾವ?" ಎಂದ ಪಾಲಾಕ್ಷ.

"ನನ್ ತಮ್ಮ ಇದನ್ನ ಕಟ್ಕಂಡು ಓಗಾಕಿಲ್ಲ," ಎಂದರು ದಾಕ್ಷಾಯಣಮ್ಮ. "ಓಗ್ಲೇಬೇಕು ಅಂದ್ರೆ ನೀವೂ ಪಕ್ಕದಲ್ಲಿ ಕೂತ್ಕಳಿ."

ಷಡಕ್ಷರಿಯವರು ರಸ್ತೆಯ ಕಡೆ ನೋಡಿದರು. "ನಂದಿನ್ನೂ ಪೂಜೆ ಆಗಿಲ್ಲ," ಎಂದರು. ಒಳಗೆ ಹೋಗುತ್ತಾ, ಯಾರಿಗೂ ಅಲ್ಲವೆಂಬಂತೆ, "ಪೂಜೆಗೆ ಕೂತಾಗ ಬೀದೀಲಿ ಯಾರೇನ್ ಮಾಡ್ತಾರೋ ನಂಗೊತ್ತಾಗಾಕಿಲ್ಲ," ಎಂದೂ ಸೇರಿಸಿದರು.

ಪಾಲಾಕ್ಷ ಬಸ್ಸು ಹಿಡಿದು ಹಾಸನಕ್ಕೆ ಹೋಗಿ, ಕೊಬ್ಬರಿ ಎಣ್ಣೆ ತಾಗಿ ಕೆಟ್ಟಿದ್ದ ಬ್ರೇಕಿನ ರಬ್ಬರುಗಳ ಬದಲಿಗೆ ಹೊಸವನ್ನು ತಂದ. ಮಾರನೆಯ ಬೆಳಿಗ್ಗೆ ಬಾವ ಪೂಜೆಗೆ ಕೂತದ್ದೇ ತಡ, ಕೊಳವೆ ತೊಳೆದು, ಲಾರಿಯ ಸೀಟಿನ ಕೆಳಗೆ ಎತ್ತಿಟ್ಟಿದ್ದ ಬ್ರೇಕೆಣ್ಣೆಯ ಟಿನ್ನನ್ನು ತೆಗೆದು ಸುರಿದ.

ಅಂದಿನ ಪೂಜೆ ಎಂದಿಗಿಂತ ದೀರ್ಘವಾಯಿತು. ದಾಕ್ಷಾಯಣಮ್ಮ ಬಾಗಿಲಿಗೆ ಬಂದಾಗ ಷಡಕ್ಷರಿಯವರು ಮುಚ್ಚಿದ ಕಣ್ಣನ್ನು ಬಿಡದೆ ಕೇಳಿದರು:

"ಇಡೀತಾ?"

"ಇಡೀತದೆ. ಇನ್ನೊಂಚೂರು ಕೂತಿರಿ. ಕೊಳವೆಯಿಂದ ಗಾಳಿ ತೆಗೀತಾವ್ನೆ."

ಷಡಕ್ಷರಿಯವರು ಮಂತ್ರವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು.